ಲಾಗ್‌ಬುಕ್ ತುಂಬಿದೆ, ಆದರೆ ವಿದ್ಯಾರ್ಥಿ ರೋಗಿಯ ಜೊತೆ ಮಾತಾಡಿದ್ದನ್ನು ನೋಡಿದವರು ಯಾರು? (ಫಾರ್ಮ್ ಡಿ ಕ್ಲಿನಿಕಲ್ ಪೋಸ್ಟಿಂಗ್ ಮತ್ತು ಮೌಲ್ಯಮಾಪನ)

ವಾರ್ಡ್‌ಮೇಷ್ಟ್ರು · ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಫಾರ್ಮ್ ಡಿ (ಆರು ವರ್ಷದ ಫಾರ್ಮಸಿ ಕೋರ್ಸ್, ಕೊನೆಯ ವರ್ಷ ಇಂಟರ್ನ್‌ಶಿಪ್) ಮಕ್ಕಳಿಗೆ ಪಾಠ ಹೇಳುತ್ತಾ ಹನ್ನೊಂದು ವರ್ಷ ಆಯಿತು. ಮೊನ್ನೆ ಬುಧವಾರ ವಾರ್ಡಿನಲ್ಲಿ ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೆಡಿಸಿನ್ ವಾರ್ಡಿನಲ್ಲಿ ಒಬ್ಬ ಅಜ್ಜಿಗೆ ಡಿಸ್ಚಾರ್ಜ್ ಬರೆದಿದ್ದರು. ಇನ್ಸುಲಿನ್ ಹೊಸದಾಗಿ ಶುರುವಾಗಿತ್ತು, ಬೆಳಿಗ್ಗೆ 20 ಯೂನಿಟ್. ಐದನೇ ವರ್ಷದ ಒಬ್ಬ ಹುಡುಗ ಕೌನ್ಸೆಲಿಂಗ್‌ಗೆ ನಿಂತ. ಹಿಂದಿನ ತಿಂಗಳ ವೈವಾದಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಏನು ಕೇಳಿದರೂ ತಡವರಿಸದೆ ಹೇಳಿದವನು ಅವನು. ಸಾಮಾನ್ಯವಾಗಿ ನಾನು ಆ ಹೊತ್ತಿಗೆ ಬೇರೆ ವಾರ್ಡಿನಲ್ಲಿರುತ್ತೇನೆ. ಅವತ್ತು ಹೇಗೋ ಅಲ್ಲೇ ಇದ್ದೆ, ಮಂಚದ ಪಕ್ಕ ನಿಂತು ನೋಡಿದೆ.

ಹತ್ತು ನಿಮಿಷ ಮಾತಾಡಿದ. ಕಾಯಿಲೆ ಎಂದರೇನು, ಸಕ್ಕರೆ ಇಳಿದರೆ ಹೇಗೆ ಗೊತ್ತಾಗುತ್ತೆ, ಕಾಲು ಹೇಗೆ ನೋಡಿಕೊಳ್ಳಬೇಕು, ಎಲ್ಲ ಹೇಳಿದ. ಒಂದೂ ತಪ್ಪಿಲ್ಲ. ಅಜ್ಜಿ "ಹೂಂ, ಹೂಂ" ಅಂತಿತ್ತು. ಅಜ್ಜಿಯ ಮಗ ಮೆಡಿಕಲ್ ಶಾಪಿನಿಂದ ತಂದ ಪ್ಲಾಸ್ಟಿಕ್ ಕವರ್ ಮಂಚದ ಮೇಲೇ ಇತ್ತು. ಹುಡುಗ ಅದನ್ನು ಮುಟ್ಟಲಿಲ್ಲ. ನಾನೇ "ಕವರ್ ಬಿಚ್ಚಪ್ಪಾ" ಅಂದೆ. ಒಳಗೆ ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿ, ಜೊತೆಗೆ ಕಿತ್ತಳೆ ಮುಚ್ಚಳದ ಸಿರಿಂಜುಗಳು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಸಿರಿಂಜು, 40ರದಕ್ಕೆ ಕೆಂಪು ಮುಚ್ಚಳ ಇರಬೇಕು. ಆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದುಕೊಂಡರೆ ಒಳಗೆ ಬರುವುದು 0.2 ಎಂಎಲ್, ಅಂದರೆ 8 ಯೂನಿಟ್. ಅಜ್ಜಿ ದಿನಾ 20 ಅಂದುಕೊಂಡು 8 ಚುಚ್ಚಿಕೊಂಡು ಎರಡು ವಾರಕ್ಕೆ ಮತ್ತೆ ಅಡ್ಮಿಟ್ ಆಗಬಹುದಿತ್ತು.

ಈ ಬಣ್ಣದ ವಿಚಾರ ಹುಡುಗನಿಗೆ ಗೊತ್ತಿಲ್ಲವೇ ಅಂದರೆ, ಗೊತ್ತಿತ್ತು. ಕೇಳಿದ ತಕ್ಷಣ ಹೇಳಿದ. ಗೊತ್ತಿದ್ದದ್ದು ಕೈಗೆ ಬಂದಿರಲಿಲ್ಲ. ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ನಾಲ್ಕು ಮೆಟ್ಟಿಲು ಹೇಳಿದರಲ್ಲ: ವಿಷಯ ಗೊತ್ತು, ಹೇಗೆ ಮಾಡಬೇಕೆಂದು ಗೊತ್ತು, ಮಾಡಿ ತೋರಿಸಬಲ್ಲ, ನಿಜದ ಕೆಲಸದಲ್ಲಿ ಮಾಡುತ್ತಾನೆ. ನಾವು ಮಕ್ಕಳನ್ನು ಮೊದಲೆರಡು ಮೆಟ್ಟಿಲಲ್ಲಿ ಅಳೆದು ನಾಲ್ಕನೆಯದಕ್ಕೆ ಸರ್ಟಿಫಿಕೇಟ್ ಕೊಡುತ್ತಿದ್ದೇವೆ.

2008ರ ಫಾರ್ಮ್ ಡಿ ರೆಗ್ಯುಲೇಷನ್ ತೆಗೆದು ನೋಡಿ. ಐದನೇ ವರ್ಷದ ಕ್ಲರ್ಕ್‌ಶಿಪ್‌ಗೆ (ವಾರ್ಡಿನಲ್ಲೇ ಕಲಿಯುವ ಅವಧಿ) ದಿನಾ ವಾರ್ಡ್ ರೌಂಡ್ಸ್ ಹೋಗಬೇಕು ಅಂತಿದೆ. ಮುಗಿದ ಮೇಲೆ ಮೌಖಿಕ ಪರೀಕ್ಷೆ: ಒಬ್ಬ ಇಂಟರ್ನಲ್, ಒಬ್ಬ ಎಕ್ಸ್‌ಟರ್ನಲ್, ಮಗು ಕೇಸ್ ಪ್ರೆಸೆಂಟ್ ಮಾಡಬೇಕು. ಪರೀಕ್ಷೆ ನಡೆಯುವ ಜಾಗ ಕಾಲೇಜಿನ ಕೋಣೆ. ರೋಗಿ ಅಲ್ಲಿರುವುದು ಪವರ್‌ಪಾಯಿಂಟ್‌ನಲ್ಲಿ ಮಾತ್ರ. ಉಳಿದದ್ದು ಲಾಗ್‌ಬುಕ್. ಅದರಲ್ಲಿ ಕೇಸ್ ಎಷ್ಟು ಅಂತ ಎಣಿಸುತ್ತೇವೆ, ಸಹಿ ಹಾಕುತ್ತೇವೆ.

ನನ್ನ ಬೇಡಿಕೆ ಸಣ್ಣದು. ಪ್ರತಿ ವಿದ್ಯಾರ್ಥಿಯನ್ನೂ ವರ್ಷಕ್ಕೆ ಕನಿಷ್ಠ ನಾಲ್ಕು ಸಲ, ನಿಜವಾದ ರೋಗಿಯ ಎದುರು, ಪ್ರಿಸೆಪ್ಟರ್ (ವಾರ್ಡಿನಲ್ಲಿ ಕಲಿಸುವ ಮೇಷ್ಟ್ರು) ಪಕ್ಕದಲ್ಲಿ ನಿಂತು ನೋಡಬೇಕು. ಹದಿನೈದು ನಿಮಿಷ ನೋಡುವುದು, ಹತ್ತು ನಿಮಿಷ ಆಚೆ ಕರೆದುಕೊಂಡು ಹೋಗಿ ಮಾತಾಡುವುದು. ಮೆಡಿಕಲ್ ಕಡೆಯವರು ಮಿನಿ-ಸಿಇಎಕ್ಸ್ (ಮಿನಿ ಕ್ಲಿನಿಕಲ್ ಇವ್ಯಾಲ್ಯುಯೇಷನ್ ಎಕ್ಸರ್‌ಸೈಜ್) ಅಂತ ಕರೆಯುವ ಪದ್ಧತಿ ಇದೇ. ನಿಮ್ಮ ಕಾಲೇಜುಗಳಲ್ಲಿ ಹೇಗಿದೆ? ಇದು ಆಗದ ಮಾತು ಅನಿಸಿದರೆ ಅದನ್ನೂ ಹೇಳಿ.

ಐದನೇ ವರ್ಷದವಳು · ಭಾನುವಾರ ರಾತ್ರಿ 10:05

ಸರ್, ನಾನು ಬೇರೆ ಕಾಲೇಜು. ನಮ್ಮ ಕಡೆಯದ್ದು ಹೇಳುತ್ತೇನೆ, ಕಾಲೇಜಿನ ಹೆಸರು ಹಾಕುವುದಿಲ್ಲ.

ನಾಲ್ಕನೇ ವರ್ಷದಿಂದ ವಾರ್ಡಿಗೆ ಹೋಗುತ್ತಿದ್ದೇನೆ. ರೋಗಿಯ ಜೊತೆ ನಾನು ಮಾತಾಡುವುದನ್ನು ಯಾವ ಪ್ರಿಸೆಪ್ಟರ್ ಕೂಡ ಪೂರ್ತಿ ನಿಂತು ನೋಡಿಲ್ಲ, ಒಂದು ಸಲವೂ. ವರ್ಷದ ಕೊನೆಗೆ ಎಲ್ಲರ ಲಾಗ್‌ಬುಕ್ ಒಂದೇ ದಿನ ಟೇಬಲ್ ಮೇಲೆ ಇಟ್ಟು ಬರುತ್ತೇವೆ, ಸಂಜೆ ಸಹಿ ಆಗಿರುತ್ತೆ. ಸೀನಿಯರ್ ಲಾಗ್‌ಬುಕ್‌ನಿಂದ ಕೇಸ್ ಇಳಿಸಿಕೊಂಡವರಿಗೂ, ಬೆಳಿಗ್ಗೆ 8ಕ್ಕೆ ಬಂದು ಕೇಸ್ ಶೀಟ್ ಓದಿ ಬರೆದವರಿಗೂ ಅದೇ ಸಹಿ. ಬೇಸರವಾಗುವುದು ಅಲ್ಲಿ. ಬೈದರೂ ಪರವಾಗಿಲ್ಲ, ಯಾರಾದರೂ ನೋಡಿ ಬೈಯಲಿ ಅನಿಸುತ್ತೆ.

ಆದರೆ ಒಂದು ಭಯ ಇದೆ. ನಾಲ್ಕಕ್ಕೂ ಮಾರ್ಕ್ಸ್ ಅಂದರೆ ನಾವು ರೋಗಿಗೋಸ್ಕರ ಮಾತಾಡುವುದಿಲ್ಲ, ನಿಮಗೋಸ್ಕರ ಮಾತಾಡುತ್ತೇವೆ. ಆ ಹುಡುಗ ಹತ್ತು ನಿಮಿಷ ಕಾಲಿನ ಆರೈಕೆ ಎಲ್ಲ ಹೇಳಿದ್ದು ನೀವು ಪಕ್ಕದಲ್ಲಿದ್ದಿರಿ ಅಂತಲೇ ಇರಬಹುದು ಸರ್. ನಾನಾಗಿದ್ದರೂ ಗೊತ್ತಿರುವುದನ್ನೆಲ್ಲ ಒಪ್ಪಿಸುತ್ತಿದ್ದೆ. ಮೊದಲ ಎರಡು ಸಲಕ್ಕಾದರೂ ಮಾರ್ಕ್ಸ್ ಬೇಡ.

ಧಾರವಾಡದಿಂದ · ಸೋಮವಾರ ಬೆಳಿಗ್ಗೆ 7:15

ಮೇಷ್ಟ್ರ, ನಿಮ್ಮ ಕಳಕಳಿ ಖರೇನ ಅದ, ಆದ್ರ ನಾ ಸ್ವಲ್ಪ ಬ್ಯಾರೆ ಹೇಳ್ತೀನಿ. ನಾವು ಓಸ್ಕಿ (ಒಂದೊಂದು ಸ್ಟೇಷನ್ನಿನ್ಯಾಗ ಒಂದೊಂದು ಕೆಲಸಾ ಮಾಡಿ ತೋರಸೋ ಪರೀಕ್ಷಾ) ನಡಸ್ತೀವಿ. 1975ರಾಗ ಸ್ಕಾಟ್ಲೆಂಡಿನ ಡಂಡೀಯೊಳಗ ಹಾರ್ಡನ್ ಅನ್ನೋರು ಶುರು ಮಾಡಿದ್ದು. ಎಂಟು ಸ್ಟೇಷನ್, ಒಂದೊಂದಕ್ಕ ಆರು ನಿಮಿಷ, ಗಂಟಿ ಹೊಡದ ಕೂಡ್ಲೆ ಮುಂದಿನದಕ್ಕ ಹೋಗಬೇಕು. ಒಂದು ಕಡೆ ಇನ್ಹೇಲರ್ ತೋರಸಬೇಕು, ಒಂದು ಕಡೆ ಡ್ರಗ್ ಚಾರ್ಟ್ ನೋಡಿ ತಪ್ಪು ಹುಡುಕಬೇಕು, ಒಂದು ಕಡೆ ಸಿಟ್ಟಿಗೆದ್ದ ರೋಗಿ. ರೋಗಿ ಪಾರ್ಟ್ ನಮ್ಮ ಆಫೀಸ್ ಸ್ಟಾಫೇ ಮಾಡ್ತಾರ.

ಇದರಾಗ ಎಲ್ಲಾ ಹುಡುಗುರಿಗೂ ಒಂದ ಕೇಸ್, ಒಂದ ಚೆಕ್‌ಲಿಸ್ಟ್. ನಿಮ್ಮ ವಾರ್ಡಿನ್ಯಾಗ ಒಬ್ಬಂಗ ಸಮಾಧಾನದ ರೋಗಿ ಸಿಗ್ತಾನ, ಇನ್ನೊಬ್ಬಂಗ ಕಿವಿ ಕೇಳದ ಮುದುಕ ಸಿಗ್ತಾನ. ಇಬ್ಬರಿಗೂ ಒಂದ ಅಳತಿ ಹ್ಯಾಂಗ ಹಚ್ಚತೀರಿ? ಫೇಲ್ ಆದ ಹುಡುಗನ ಅಪ್ಪ ಬಂದು ಕೇಳಿದ್ರ ಉತ್ತರಾ ಏನು ಕೊಡ್ತೀರಿ?

ಮತ್ತ ಇನ್ನೊಂದು. ಎಣಿಸಿ ಅಳೆಯೋದು ಕೆಟ್ಟದ್ದು ಅನ್ನೋ ಮಾತಿಗೆ ನಂದು ಪೂರಾ ಒಪ್ಪಿಗಿ. ಒಂದು ಸಲ ನಮ್ಮಲ್ಲಿ ತಿಂಗಳಿಗೆ ಇಷ್ಟು ಎಡಿಆರ್ (ಔಷಧಿಯ ಅಡ್ಡ ಪರಿಣಾಮ) ಫಾರ್ಮ್ ತರಬೇಕು ಅಂತ ಮಾಡಿದ್ವಿ. ಎಲ್ಲಾರೂ ವಾಂತಿ, ಹೊಟ್ಟಿ ಉರಿ ಬರದು ತಂದ್ರು. ಆ ವರ್ಷ ನಾ ನೆನಪ ಇಟ್ಟಿದ್ದು ಒಂದ ಫಾರ್ಮು. ಒಬ್ಬಾಕಿ ಹುಡುಗಿ ಓಪಿಡಿಯೊಳಗ ಒಂದು ಹೆಣಮಗಳ ಮೈಮ್ಯಾಲಿನ ಗುಳ್ಳಿ ನೋಡಿ ಮಾತಾಡ್ಸಿದ್ಲು. ಮನಿಯವರು 'ಅಮ್ಮ ಬಂದಾಳ' ಅಂತ ತಿಳಕೊಂಡು ಬೇವಿನ ಸೊಪ್ಪು ಹಾಕಿ ಕುಂದರಸಿದ್ರಂತ. ಈಕಿ ಸಾವಕಾಶ ಕೇಳ್ತಾ ಕೇಳ್ತಾ, ಮೂರು ವಾರದ ಹಿಂದ ಫಿಟ್ಸಿಗೆ ಕಾರ್ಬಮಜೆಪೀನ್ ಶುರು ಆಗಿದ್ದು ಹೊರಗ ಬಂತು. ಬಾಯಾಗೂ ಹುಣ್ಣು ಎದ್ದಿದ್ವು. ಡಾಕ್ಟರ್ ಅವತ್ತ ಗುಳಿಗಿ ನಿಲ್ಲಿಸಿ ಅಡ್ಮಿಟ್ ಮಾಡ್ಕೊಂಡ್ರು. ನರಾಂಜೋ ಸ್ಕೇಲಿನ (ತೊಂದ್ರಿ ಆ ಔಷಧಿಯಿಂದನ ಆತೋ ಅಂತ ಅಳಿಯೋದು) ಹತ್ತು ಪ್ರಶ್ನಿ ಹಾಕಿ ನೋಡಿದ್ರ 7 ಬಂತು, 'ಪ್ರಾಬಬಲ್' (5ರಿಂದ 8ರ ಒಳಗ ಬಂದ್ರ ಹಂಗ ಅಂತಾರ). ಫಾರ್ಮು ಘಾಜಿಯಾಬಾದಿನ ಐಪಿಸಿಗೆ (ಇಂಥಾ ವರದಿ ಕೂಡಿಸೋ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್) ಹೋತು. ಎಣಿಕಿ ಲೆಕ್ಕದಾಗ ಆಕಿ ಆ ತಿಂಗಳ ಹಿಂದ ಬಿದ್ದಿದ್ಲು.

ಮೆಡಿಸಿನ್ ಡಾಕ್ಟರ್ · ಸೋಮವಾರ ಮಧ್ಯಾಹ್ನ 2:40

ನಾನು ಫಾರ್ಮಸಿಯವನಲ್ಲ. ನಮ್ಮ ಯೂನಿಟ್ಟಿಗೆ ಫಾರ್ಮ್ ಡಿ ಇಂಟರ್ನ್‌ಗಳು ಬರುತ್ತಾರೆ, ಆರು ತಿಂಗಳು ಮೆಡಿಸಿನ್‌ನಲ್ಲಿ ಇರುತ್ತಾರೆ. ಮೊದಮೊದಲು ನಾನೂ ಅವರನ್ನು ಗಮನಿಸುತ್ತಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ರೌಂಡ್ಸಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಬರೆದುಕೊಳ್ಳುತ್ತಿದ್ದರು.

ಅಭಿಪ್ರಾಯ ಬದಲಾದದ್ದು ಒಂದು ಕೇಸಿನಿಂದ. 72 ವರ್ಷದ ಹೆಂಗಸು, 42 ಕೆಜಿ, ನ್ಯುಮೋನಿಯಾ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) 1.4. ಪಿಜಿ (ಸ್ನಾತಕೋತ್ತರ ಓದುವ ಡಾಕ್ಟರ್) ಲೀವೊಫ್ಲಾಕ್ಸಸಿನ್ ಆ್ಯಂಟಿಬಯಾಟಿಕ್ 750 ಎಂಜಿ ದಿನಕ್ಕೊಂದು ಬರೆದಿದ್ದ. 1.4 ಅಂದರೆ ಯಾರೂ ಹೌಹಾರುವುದಿಲ್ಲ. ಇಂಟರ್ನ್ ಹುಡುಗಿ ಕಾಕ್‌ಕ್ರಾಫ್ಟ್ ಗಾಲ್ಟ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜಿಸುವ ಸೂತ್ರ) ಹಾಕಿದ್ದಳು: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ, ಹೆಂಗಸಾದ್ದರಿಂದ 0.85. ನಿಮಿಷಕ್ಕೆ ಸುಮಾರು 24 ಎಂಎಲ್. ಆ ಮಟ್ಟಕ್ಕೆ 750 ಕೊಡುವುದಾದರೆ 48 ಗಂಟೆಗೊಮ್ಮೆ.

ಲೆಕ್ಕಕ್ಕಿಂತ ಅವಳು ಅದನ್ನು ಹೇಳಿದ ರೀತಿ ನನಗೆ ಇಷ್ಟವಾಯಿತು. ರೋಗಿಯ ಎದುರು, ಎಲ್ಲರ ಮುಂದೆ ಹೇಳಲಿಲ್ಲ. ರೌಂಡ್ಸ್ ಮುಗಿದ ಮೇಲೆ ಪಿಜಿ ಹತ್ತಿರ ಹೋಗಿ, ಚೀಟಿ ತೋರಿಸಿ, "ಸರ್, ಎರಡನೇ ಡೋಸ್ ನಾಳೆ ಬೆಳಿಗ್ಗೆ ಇದೆ, ಅಷ್ಟರೊಳಗೆ ಒಮ್ಮೆ ನೋಡ್ತೀರಾ?" ಅಂದಳು. ಅವನು ತಕ್ಷಣ ಬದಲಾಯಿಸಿದ. ಎಷ್ಟು ಹೊತ್ತಿನೊಳಗೆ ಹೇಳಬೇಕು, ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು, ಇದನ್ನು ಯಾವ ಓಸ್ಕಿ ಸ್ಟೇಷನ್ನಿನಲ್ಲಿ ಅಳೆಯುತ್ತೀರಿ? ಧಾರವಾಡದವರನ್ನು ಗೌರವದಿಂದಲೇ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಈ ಮಕ್ಕಳ ಬಗ್ಗೆ ನನ್ನನ್ನು ಯಾರೂ ಯಾವತ್ತೂ ಏನೂ ಕೇಳಿಲ್ಲ. ಆರು ತಿಂಗಳು ನನ್ನ ಕಣ್ಣೆದುರು ಇರುತ್ತಾರೆ, ಕೊನೆಗೆ ಒಂದು ಫಾರಂ ಬರುತ್ತೆ, ಪ್ಯೂನ್ ಕೈಯಲ್ಲಿ.

ವಾರ್ಡ್‌ಮೇಷ್ಟ್ರು · ಸೋಮವಾರ ರಾತ್ರಿ 8:50

ಐದನೇ ವರ್ಷದವಳಿಗೆ: ನೀನು ಹೇಳಿದ್ದು ಸರಿಯಮ್ಮ, ನನಗೆ ಅದು ಹೊಳೆದಿರಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೇ ಅವನನ್ನು ಒಪ್ಪಿಸುವಂತೆ ಮಾಡಿರಬಹುದು. ಮೊದಲೆರಡಕ್ಕೆ ಮಾರ್ಕ್ಸ್ ಇಲ್ಲ, ತಿದ್ದುವುದಕ್ಕೆ ಮಾತ್ರ. ಕೊನೆಯ ಎರಡಕ್ಕೆ ಇರಲಿ.

ಧಾರವಾಡದವರಿಗೆ: ಒಂದು ಸಲ ನೋಡಿ ತೀರ್ಮಾನ ಮಾಡುವುದು ಅನ್ಯಾಯ, ಒಪ್ಪುತ್ತೇನೆ. ಅದಕ್ಕೇ ನಾಲ್ಕು ಸಲ, ನಾಲ್ಕು ಬೇರೆ ರೋಗಿಗಳು, ಸಾಧ್ಯವಾದರೆ ಬೇರೆ ಬೇರೆ ಪ್ರಿಸೆಪ್ಟರ್‌ಗಳು. ಒಬ್ಬರಿಗೆ ಸಿಕ್ಕ ಕಷ್ಟದ ರೋಗಿ ಇನ್ನೊಂದು ಸಲಕ್ಕೆ ಸರಿಹೋಗುತ್ತೆ. ಓಸ್ಕಿ ಬೇಡ ಎನ್ನುತ್ತಿಲ್ಲ. ವಾರ್ಡಿಗೆ ಕಳಿಸುವ ಮೊದಲು ಓಸ್ಕಿ ಇರಲೇಬೇಕು, ಇನ್ಹೇಲರ್ ಹಿಡಿಯಲು ಬಾರದವನನ್ನು ಆಸ್ತಮಾ ರೋಗಿಯ ಹತ್ತಿರ ಬಿಡುವುದು ತಪ್ಪು. ಆದರೆ ಸ್ಟೇಷನ್ನಿನಲ್ಲಿ 'ಇದು ಇನ್ಸುಲಿನ್ ಸ್ಟೇಷನ್' ಅಂತ ಗೊತ್ತಿರುತ್ತೆ, ಸಿರಿಂಜು ಟೇಬಲ್ ಮೇಲೇ ಇರುತ್ತೆ. ಕವರ್ ಬಿಚ್ಚಬೇಕು ಅಂತ ತನಗೇ ತೋಚಬೇಕಾದದ್ದು ವಾರ್ಡಿನಲ್ಲಿ.

ಸಮಯ ಎಲ್ಲಿದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲೂ ಕೇಳಿದರು. ಕೂತು ಲೆಕ್ಕ ಹಾಕಿದೆ. ಬ್ಯಾಚಿಗೆ 30 ಮಕ್ಕಳು. ನಾಲ್ಕು ಸಲ ಅಂದರೆ 120. ಒಂದಕ್ಕೆ 25 ನಿಮಿಷ, ಒಟ್ಟು 3,000 ನಿಮಿಷ, 50 ಗಂಟೆ. ನಾವು ನಾಲ್ಕು ಜನ ಇದ್ದೇವೆ, ತಲಾ ಹನ್ನೆರಡೂವರೆ ಗಂಟೆ, ಅದೂ ವರ್ಷಕ್ಕೆ. ಲಾಗ್‌ಬುಕ್‌ಗೆ ಸಹಿ ಹಾಕಲು, ಮಾರ್ಕ್ಸ್ ಶೀಟ್ ಟೈಪ್ ಮಾಡಿಸಲು ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿದೆ. ಈ ಸಂಖ್ಯೆ ನೋಡಿದ ಮೇಲೆ ಸಮಯ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಡಾಕ್ಟರೇ, ಆ ಫಾರಂ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನೈಟ್ ಡ್ಯೂಟಿ ಸಿಸ್ಟರ್ · ಮಂಗಳವಾರ ಬೆಳಗಿನ ಜಾವ 4:30

ಸರ್ ನಾನು ಸ್ಟಾಫ್ ನರ್ಸ್. ಡಾಕ್ಟರನ್ನು ಯಾರೂ ಕೇಳಿಲ್ಲ ಅಂದರಲ್ಲ, ನಮ್ಮನ್ನಂತೂ ಕೇಳುವುದೇ ಇಲ್ಲ. ವಾರ್ಡಿನಲ್ಲಿ ಯಾವ ಮಗು ಕೆಲಸ ಕಲಿಯಲು ಬಂದಿದೆ, ಯಾವುದು ಕೇಸ್ ಶೀಟ್ ಫೋಟೋ ಹೊಡೆದುಕೊಂಡು ಹೋಗಲು ಬಂದಿದೆ ಅಂತ ನಮಗೆ ಎರಡೇ ದಿನಕ್ಕೆ ಗೊತ್ತಾಗುತ್ತೆ.

ನೀವು ಮಕ್ಕಳನ್ನು ಕಳಿಸುವುದು ಬೆಳಿಗ್ಗೆ 10 ಗಂಟೆಗೆ. ಔಷಧಿ ಕೊಡುವುದು 8ಕ್ಕೆ, ಆಮೇಲೆ 2ಕ್ಕೆ. ಔಷಧಿ ಬಗ್ಗೆ ಆರು ವರ್ಷ ಓದುವವರು ಔಷಧಿ ಕೊಡುವುದನ್ನೇ ನೋಡುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ತಾನೇ 8ಕ್ಕೆ ಬಂದು ನನ್ನ ಜೊತೆ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹೋಗುವ ನಳಿಕೆ) ಹಾಕಿದ ಒಬ್ಬ ರೋಗಿಗೆ ನಾನು ಪ್ಯಾಂಟೊಪ್ರಜೋಲ್ (ಆಸಿಡಿಟಿ) ಗುಳಿಗೆ ಪುಡಿ ಮಾಡಿ ನೀರಲ್ಲಿ ಕಲೆಸುತ್ತಿದ್ದೆ. "ಸಿಸ್ಟರ್, ಇದರ ಮೇಲಿನ ಪದರ ಹೊಟ್ಟೆಯ ಆಸಿಡ್‌ನಿಂದ ಔಷಧಿ ಕಾಪಾಡೋಕೆ ಇರೋದು, ಪುಡಿ ಮಾಡಿದ್ರೆ ಕೆಲಸ ಮಾಡಲ್ಲ" ಅಂದ. ನನಗೆ ಯಾರೂ ಹೇಳಿರಲಿಲ್ಲ. ಡ್ಯೂಟಿ ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಮಾಡಿಸಿದೆವು. ಆಮೇಲೆ ಅವನು ಪುಡಿ ಮಾಡಬಾರದ ಗುಳಿಗೆಗಳ ಪಟ್ಟಿ ಬರೆದು ಔಷಧಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದ. ಇವತ್ತಿಗೂ ಇದೆ. ಅವನ ಲಾಗ್‌ಬುಕ್ಕಿನಲ್ಲಿ ಅದಕ್ಕೆ ಜಾಗ ಇತ್ತೋ ಇಲ್ಲವೋ.

ಮಲಯಾಳಿ ಇಂಟರ್ನ್ · ಮಂಗಳವಾರ ಸಂಜೆ 6:10

ನಾನು ಕಣ್ಣೂರಿನವನು. ಕರ್ನಾಟಕದಲ್ಲಿ ಓದಲು ಬಂದು ಆರನೇ ವರ್ಷ. ಕನ್ನಡ ಬರೆಯುವುದರಲ್ಲಿ ತಪ್ಪಿದ್ದರೆ ಕ್ಷಮಿಸಿ.

ರೋಗಿಯ ಎದುರು ನಿಲ್ಲಿಸಿ ನೋಡುವುದಾದರೆ ಭಾಷೆಯ ಮಾತೂ ಬರಬೇಕು. ನನ್ನ ಬ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರ ರಾಜ್ಯದವರು. ಕೌನ್ಸೆಲಿಂಗ್ ಅಂದರೆ ಕನ್ನಡ ಬರುವ ಒಬ್ಬ ಮಾತಾಡುತ್ತಾನೆ, ನಾವು ನಾಲ್ಕು ಜನ ನಿಲ್ಲುತ್ತೇವೆ, ಐದೂ ಲಾಗ್‌ಬುಕ್ಕಿನಲ್ಲಿ 'ಕೌನ್ಸೆಲಿಂಗ್ ಮಾಡಿದೆ' ಅಂತ ಬರೆಯುತ್ತೇವೆ. ನಾನೂ ಬರೆದಿದ್ದೇನೆ.

ಮೂರನೇ ವರ್ಷದಲ್ಲಿ ಹಾಸ್ಟೆಲ್ ಮೆಸ್ಸಿನ ಅಡುಗೆಯವರ ಹತ್ತಿರ ಕನ್ನಡ ಕಲಿಯಲು ಶುರು ಮಾಡಿದೆ. ನಾಲ್ಕನೇ ವರ್ಷಕ್ಕೆ ಎಲ್ಲ ಹೇಳಲು ಬರುತ್ತೆ ಅಂದುಕೊಂಡಿದ್ದೆ. ಒಬ್ಬರು ಆಂಟಿಗೆ ಥೈರಾಯ್ಡ್ ಗುಳಿಗೆ, ಥೈರಾಕ್ಸಿನ್. "ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ" ಅಂದೆ. "ಹಾಗೇ ತಗೋತಿದೀನಿ ಕಣಪ್ಪ" ಅಂದರು. ಆದರೂ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ) ಇಳಿದಿರಲಿಲ್ಲ. ಮುಂದಿನ ಸಲ ಬಂದಾಗ ಬೇರೆ ರೀತಿ ಕೇಳಿದೆ: "ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ." ಎದ್ದು, ಮುಖ ತೊಳೆದು, ಸ್ಟ್ರಾಂಗ್ ಕಾಫಿ ಕುಡಿದು, ಅದರ ಜೊತೆಗೇ ಗುಳಿಗೆ. "ಕಾಫಿ ಏನು ತಿಂಡಿನಾ?" ಅಂತ ನನ್ನನ್ನೇ ಕೇಳಿದರು. ಅವರ ಪ್ರಕಾರ ಖಾಲಿ ಹೊಟ್ಟೆಯೇ. ಖಾಲಿ ಹೊಟ್ಟೆ ಎನ್ನುವ ಶಬ್ದ ನನಗೆ ಬಂದಿತ್ತು, ಅದರೊಳಗೆ ಕಾಫಿಗೆ ಜಾಗ ಇದೆ ಎನ್ನುವುದು ಗೊತ್ತಿರಲಿಲ್ಲ. ಈಗ "ಗುಳಿಗೆ ನುಂಗಿ ನೀರು ಕುಡಿಯಿರಿ, ಅರ್ಧ ಮುಕ್ಕಾಲು ಗಂಟೆ ಕಾಫಿ, ಟೀ ಕೂಡ ಬೇಡ" ಅಂತ ಹೇಳುತ್ತೇನೆ, ಅವರ ಬಾಯಲ್ಲಿ ತಿರುಗಿ ಹೇಳಿಸುತ್ತೇನೆ.

ಮೊದಲ ವರ್ಷದಿಂದಲೇ ವಾರಕ್ಕೆ ಎರಡು ಗಂಟೆ ವಾರ್ಡ್ ಕನ್ನಡ ಕಲಿಸಿ. ಪುಸ್ತಕದ ಕನ್ನಡ ಅಲ್ಲ. ಜೋಮು, ಎದೆ ಉರಿ, ತಲೆ ಸುತ್ತು, ಸುಸ್ತು, ಹೊಟ್ಟೆ ಉಬ್ಬರ. ಇವೇ ನಮಗೆ ದಿನಾ ಬೇಕಾಗುವುದು.

ರೋಗಿಯ ಮಗಳು · ಮಂಗಳವಾರ ರಾತ್ರಿ 9:00

ನಾನು ಈ ಕ್ಷೇತ್ರದವಳಲ್ಲ. ನಮ್ಮ ಅಪ್ಪ ಎರಡು ವಾರ ಆಸ್ಪತ್ರೆಯಲ್ಲಿದ್ದಾಗ ದಿನಾ ಐದಾರು ಜನ ಕೋಟು ಹಾಕಿದ ಮಕ್ಕಳು ಬಂದು ಅದೇ ಪ್ರಶ್ನೆ ಕೇಳುತ್ತಿದ್ದರು. ಯಾರು ಡಾಕ್ಟರು, ಯಾರು ನರ್ಸಿಂಗ್, ಯಾರು ಫಾರ್ಮಸಿ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೆ ದಣಿವು. ದಯವಿಟ್ಟು ಮೊದಲು ಹೆಸರು ಹೇಳಿ, ಯಾಕೆ ಬಂದಿದ್ದೀರಿ ಹೇಳಿ, ಮಾತಾಡಬಹುದಾ ಅಂತ ಕೇಳಿ. ನಿಮ್ಮ ಚೆಕ್‌ಲಿಸ್ಟ್‌ನಲ್ಲಿ ಅದು ಮೊದಲನೆಯದಾಗಿರಲಿ.

ಅಂಗಡಿ ಫಾರ್ಮಸಿಸ್ಟ್ · ಬುಧವಾರ ಬೆಳಿಗ್ಗೆ 6:45

ಎಲ್ಲರೂ ಫಾರ್ಮ್ ಡಿ ಬಗ್ಗೆ ಮಾತಾಡುತ್ತಿದ್ದೀರಿ. ಡಿ ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಕ್ಕಳೂ ರೋಗಿಗಳನ್ನೇ ನೋಡುವುದು. ಅವರಿಗೆ 500 ಗಂಟೆ ಪ್ರಾಕ್ಟಿಕಲ್ ಟ್ರೈನಿಂಗ್ ಕಡ್ಡಾಯ, ಮೂರು ತಿಂಗಳಿಗೆ ಕಡಿಮೆ ಇಲ್ಲ. ಎಷ್ಟೋ ಜನ ಬಂದು "ಅಣ್ಣ, ಒಂದು ಸೀಲ್ ಹಾಕಿಕೊಡಿ" ಅಂತಾರೆ. ನಾನು ಹಾಕುವುದಿಲ್ಲ, ಅದಕ್ಕೇ ನನ್ನ ಹತ್ತಿರ ಬರುವವರು ಕಡಿಮೆ.

ಬಂದವರಿಗೆ ಮೊದಲ ದಿನ ಕಲಿಸುವುದು ಮೆಥೊಟ್ರೆಕ್ಸೇಟ್. ಕೀಲು ನೋವಿಗೆ ಬರೆಯುವುದು ವಾರಕ್ಕೆ ಒಂದೇ ದಿನ. ಅದನ್ನು ದಿನಾ ನುಂಗಿದರೆ ಬಾಯಲ್ಲಿ ಹುಣ್ಣೆದ್ದು, ರಕ್ತದ ಕಣ ಕುಸಿದು ಪ್ರಾಣಕ್ಕೇ ಬರುತ್ತೆ. ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ 'ವಾರಕ್ಕೊಮ್ಮೆ' ಅಂತ ಬರೆದರೆ ಸಾಲದು. ಯಾವ ವಾರ ಅಂತ ಅವರನ್ನೇ ಕೇಳಿ ಆ ವಾರದ ಹೆಸರು ಬರೆಯಬೇಕು. ಗುರುವಾರ ಮಠಕ್ಕೆ ಹೋಗುವವರಿಗೆ ಗುರುವಾರ, ಸೋಮವಾರ ಒಪ್ಪತ್ತು ಇರುವವರಿಗೆ ಸೋಮವಾರ ಬೇಡ. ಹುಡುಗ ಇದನ್ನು ನಾನು ಹೇಳದೆ ಮಾಡುವವರೆಗೂ ಕೌಂಟರಿನಲ್ಲಿ ಅವನನ್ನು ಒಬ್ಬನೇ ಬಿಡುವುದಿಲ್ಲ. ನನ್ನ ಪರೀಕ್ಷೆ ಇಷ್ಟೇ.

ಲೀಡ್ಸ್ ಕನ್ನಡತಿ · ಬುಧವಾರ ಸಂಜೆ 5:30

ಅಂಗಡಿಯವರು ಹೇಳಿದ 'ಒಬ್ಬನೇ ಬಿಡುವುದಿಲ್ಲ' ಎನ್ನುವುದೇ ಇಲ್ಲಿ ದೊಡ್ಡ ಚರ್ಚೆ. ನೆದರ್‌ಲೆಂಡ್ಸ್‌ನ ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಇದನ್ನು ಬರೆದರು. ಮಾರ್ಕ್ಸ್ ಎಷ್ಟು ಅಂತ ಕೇಳುವ ಬದಲು, ಈ ಕೆಲಸವನ್ನು ಇವರಿಗೆ ಎಷ್ಟು ನಂಬಿ ಬಿಡಬಹುದು ಅಂತ ಕೇಳಿ: ಬರೀ ನೋಡಲಿ, ನಾನು ಪಕ್ಕದಲ್ಲಿದ್ದರೆ ಮಾಡಲಿ, ಕರೆದರೆ ಬರುವಷ್ಟು ದೂರದಲ್ಲಿದ್ದರೆ ಸಾಕು, ಒಬ್ಬರೇ ಮಾಡಲಿ, ಇನ್ನೊಬ್ಬರಿಗೆ ಕಲಿಸಲಿ.

ನಾನು ಬೆಂಗಳೂರಿನಲ್ಲಿ ಓದಿ ಈಗ ಇಲ್ಲಿಯ ಆಸ್ಪತ್ರೆಯಲ್ಲಿ ಟ್ರೇನಿಗಳನ್ನು ನೋಡಿಕೊಳ್ಳುತ್ತೇನೆ. ಬ್ರಿಟನ್ನಿನಲ್ಲಿ ನಾಲ್ಕು ವರ್ಷದ ಎಂಫಾರ್ಮ್ (ಅಲ್ಲಿಯ ಫಾರ್ಮಸಿ ಪದವಿ) ಆದ ಮೇಲೆ 52 ವಾರ ಫೌಂಡೇಷನ್ ಟ್ರೈನಿಂಗ್. ಒಬ್ಬ ಟ್ರೇನಿಗೆ ಹೆಸರು ಹಿಡಿದು ಒಬ್ಬ ಸೂಪರ್‌ವೈಸರ್, ಜವಾಬ್ದಾರಿ ಅವರದ್ದೇ. 13, 26, 39ನೇ ವಾರಗಳಲ್ಲಿ ಕೂತು ವರದಿ ಬರೆಯುತ್ತೇವೆ. ಅಂದರೆ ತೊಂದರೆ ಇದ್ದರೆ ಮೂರನೇ ತಿಂಗಳಲ್ಲೇ ಗೊತ್ತಾಗುತ್ತೆ, ಹನ್ನೆರಡನೇ ತಿಂಗಳವರೆಗೆ ಕಾಯುವುದಿಲ್ಲ. ನಿಮಗೆ ಎರವಲು ತೆಗೆದುಕೊಳ್ಳಲು ಯೋಗ್ಯವಾದದ್ದು ಇದೊಂದೇ ಅನಿಸುತ್ತೆ, ಮಧ್ಯದ ವರದಿ. ಮಿಕ್ಕದ್ದಕ್ಕೆ ಜನ ಬೇಕು, ದುಡ್ಡು ಬೇಕು. ಇದಕ್ಕೆ ಒಂದು ಹಾಳೆ ಸಾಕು.

ಇಲ್ಲಿಯೂ ಎಲ್ಲ ಚೆನ್ನಾಗಿಲ್ಲ. ಸಿಬ್ಬಂದಿ ಕಡಿಮೆ ಇದ್ದ ವಾರ ಟ್ರೇನಿಯನ್ನು ಡಿಸ್ಪೆನ್ಸರಿಯಲ್ಲಿ ನಿಲ್ಲಿಸಿ ಕೆಲಸ ಮಾಡಿಸಿಕೊಂಡದ್ದಿದೆ, ಕಲಿಕೆ ಹಿಂದೆ ಬಿದ್ದದ್ದಿದೆ. ನನ್ನ ವಾರ್ಡಿನಲ್ಲೂ ಆಗಿದೆ.

ಧಾರವಾಡದಿಂದ · ಬುಧವಾರ ರಾತ್ರಿ 10:20

ಡಾಕ್ಟರ್ ಸಾಹೇಬ್ರ ಪ್ರಶ್ನಿಗೆ ನನ್ನ ಹತ್ರ ಉತ್ತರಾ ಇಲ್ಲ. ಯಾರಿಗೆ, ಯಾವಾಗ, ಹ್ಯಾಂಗ ಹೇಳಬೇಕು ಅನ್ನೋದು ಸ್ಟೇಷನ್ನಿನ್ಯಾಗ ಬರಂಗಿಲ್ಲ, ಖರೆ. ಸಿಸ್ಟರ್ ಬರದದ್ದು ಓದಿ ನಾಳೆಯಿಂದ ಇಬ್ಬರು ಹುಡುಗುರನ್ನ 8 ಗಂಟೆಕ್ಕ ಕಳಸಾಕ ಹೇಳೀನಿ.

ಆದ್ರ ಒಂದು ಮಾತು ಉಳದದ. ಇಂಟರ್ನ್‌ಶಿಪ್ ಫಾರಂ ಬಗ್ಗೆ ಯಾರೂ ಬಾಯಿ ಬಿಡವಲ್ರು. ರೆಗ್ಯುಲೇಷನ್ನಿನ್ಯಾಗ ಸ್ಪಷ್ಟ ಅದ: ಜ್ಞಾನ, ಕೈಗುಣ, ಜವಾಬ್ದಾರಿ, ತಂಡದಾಗ ಕೆಲಸಾ ಮಾಡೋದು, ಮುತುವರ್ಜಿ, ಎಲ್ಲಾದಕ್ಕೂ 0ಯಿಂದ 5. ಒಂದರಾಗ 3ಕ್ಕಿಂತ ಕಡಿಮಿ ಬಂದ್ರೂ ಇಂಟರ್ನ್‌ಶಿಪ್ ಪೂರಾ ಆಗಿಲ್ಲ ಅಂತ ಅರ್ಥ. ಹಲ್ಲು ಇರೋ ನಿಯಮಾನ ಅದು. ಕಚ್ಚಾಕ ಧೈರ್ಯ ಯಾರಿಗದ?

ವಾರ್ಡ್‌ಮೇಷ್ಟ್ರು · ಗುರುವಾರ ರಾತ್ರಿ 9:45

ನಾನು ಬರೆಯುತ್ತೇನೆ ಎಂದಿದ್ದು ಇದನ್ನೇ.

ಕೆಲವು ವರ್ಷಗಳ ಹಿಂದೆ ಒಬ್ಬ ಇಂಟರ್ನ್ ಇದ್ದ. ವಾರದಲ್ಲಿ ಮೂರು ದಿನ ಬರುತ್ತಿದ್ದ. ಬಂದರೂ ರೋಗಿಯ ಹತ್ತಿರ ಹೋಗುತ್ತಿರಲಿಲ್ಲ. ಎರಡು ಸಲ ಕರೆದು ಹೇಳಿದೆ, ಬರೆದು ಇಡಲಿಲ್ಲ. ಫಾರಂ ಬಂದಾಗ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. 2 ಹಾಕಿದರೆ ಅವನ ಕೆಲಸಕ್ಕೆ ತಡೆ, ಮನೆಯವರು ಬರುತ್ತಾರೆ, ಮೇಲಿನವರು ಕರೆಯುತ್ತಾರೆ, ನನ್ನ ಹತ್ತಿರ ತೋರಿಸಲು ಒಂದು ಕಾಗದವೂ ಇಲ್ಲ. ಎಲ್ಲದಕ್ಕೂ 4 ಹಾಕಿದೆ. ಅದೇ ದಿನ ಇನ್ನೊಬ್ಬಳಿಗೂ 4 ಹಾಕಿದೆ, ರಜಾ ದಿನವೂ ಬಂದು ಟಿಬಿ ರೋಗಿಗಳ ಗುಳಿಗೆ ಎಣಿಸುತ್ತಿದ್ದವಳಿಗೆ. ಅವಳು ಹಾಳೆ ನೋಡಿ ಏನೂ ಹೇಳದೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಹುಡುಗನಿಗೆ ಕೊಟ್ಟ 4ಕ್ಕಿಂತ ಅವಳಿಗೆ ಕೊಟ್ಟ 4 ನನ್ನನ್ನು ಹೆಚ್ಚು ಕಾಡುತ್ತೆ.

ಧೈರ್ಯ ಎಲ್ಲಿಂದ ಬರುತ್ತೆ ಅಂದರೆ, ನನ್ನ ಮಟ್ಟಿಗೆ ಕಾಗದದಿಂದ ಬರುತ್ತೆ. ನಾಲ್ಕು ಸಲ ನೋಡಿ, ದಿನಾಂಕ ಹಾಕಿ, ಕಂಡದ್ದನ್ನು ಎರಡು ಸಾಲು ಬರೆದು, ವಿದ್ಯಾರ್ಥಿಯ ಸಹಿಯನ್ನೂ ತೆಗೆದುಕೊಂಡಿದ್ದರೆ 2 ಹಾಕುವಾಗ ಕೈ ನಡುಗುವುದಿಲ್ಲ. ಲೀಡ್ಸ್‌ನವರು ಹೇಳಿದ ಮಧ್ಯದ ವರದಿ ಇದ್ದರೆ ಬಹುಶಃ 2 ಹಾಕುವ ಪ್ರಸಂಗವೇ ಬರುವುದಿಲ್ಲ, ಮೂರನೇ ತಿಂಗಳಿಗೇ ಹುಡುಗನಿಗೆ ತಿಳಿದಿರುತ್ತೆ.

ಇವತ್ತು ವಿಭಾಗದಲ್ಲಿ ಮಾತಾಡಿದೆ. ಮುಂದಿನ ವಾರದಿಂದ ಶುರು. ಅರ್ಧ ಪುಟದ ಹಾಳೆ ಮಾಡಿದ್ದೇವೆ. ಮೊದಲ ಸಾಲು: ಹೆಸರು ಹೇಳಿ ಒಪ್ಪಿಗೆ ಕೇಳಿದರೇ. ಎರಡನೆಯದು: ರೋಗಿಯ ಕೈಯಲ್ಲಿರುವ ಔಷಧಿಯನ್ನು ತೆಗೆದು ನೋಡಿದರೇ. ಮೂರನೆಯದು: ರೋಗಿಯ ಬಾಯಲ್ಲಿ ತಿರುಗಿ ಹೇಳಿಸಿದರೇ. ಆಮೇಲೆ ಖಾಲಿ ಜಾಗ, ಕಂಡದ್ದನ್ನು ಬರೆಯಲು. ಕೊನೆಗೆ ಸಿಸ್ಟರ್ ಮತ್ತು ಯೂನಿಟ್ ಡಾಕ್ಟರ್ ಬರೆಯಲು ಎರಡೆರಡು ಸಾಲು, ಅಂಕ ಇಲ್ಲ. ಇಪ್ಪತ್ತು ಅಂಶಗಳ ಚೆಕ್‌ಲಿಸ್ಟ್ ಬೇಕು ಅಂತ ಒಬ್ಬರು ಪಟ್ಟು ಹಿಡಿದರು, ನಾನು ಬೇಡ ಅಂದೆ. ಟಿಕ್ ಹಾಕುವ ಭರದಲ್ಲಿ ತಲೆ ಎತ್ತಿ ನೋಡುವುದೇ ಇಲ್ಲ.

ಐದನೇ ವರ್ಷದವಳು · ಎರಡು ವಾರದ ನಂತರ, ಶುಕ್ರವಾರ ರಾತ್ರಿ 8:30

ಸರ್, ನಿಮ್ಮ ಹಾಳೆಯನ್ನು ಪ್ರಿಂಟ್ ತೆಗೆದು ನಮ್ಮ ಮೇಡಂ ಹತ್ತಿರ ಹೋದೆ. "ನನ್ನನ್ನು ಒಂದು ಸಲ ನೋಡ್ತೀರಾ ಮೇಡಂ" ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ ಅಂದರು. ಇವತ್ತು ಬಂದರು.

ಆಸ್ತಮಾ ಇರುವ ಒಬ್ಬ ಆಟೋ ಡ್ರೈವರ್ ಅಣ್ಣ. ಹೆಸರು ಹೇಳಿದೆ, ಕೇಳಿದೆ, ಕೂತೆ. ಅವರದೇ ಇನ್ಹೇಲರ್ ತೆಗೆಸಿ ಎಳೆದು ತೋರಿಸಿ ಅಂದೆ. ಅಲ್ಲಾಡಿಸಲಿಲ್ಲ, ಒತ್ತಿದ ಮೇಲೆ ಉಸಿರು ಎಳೆದರು, ತಕ್ಷಣ ಬಿಟ್ಟರು. ನಾನು ಮಾಡಿ ತೋರಿಸಿದೆ: ಅಲ್ಲಾಡಿಸಿ, ಪೂರ್ತಿ ಉಸಿರು ಬಿಟ್ಟು, ನಿಧಾನಕ್ಕೆ ಎಳೆಯುತ್ತಾ ಒತ್ತಿ, ಹತ್ತು ಎಣಿಸುವವರೆಗೆ ಹಿಡಿದು. ಮೂರನೇ ಸಲಕ್ಕೆ ಅವರಿಗೆ ಬಂತು. ಸ್ಟಿರಾಯ್ಡ್ ಇರುವ ಇನ್ಹೇಲರ್ ಆದ್ದರಿಂದ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಅಂದೆ. "ಗಾಡಿಯಲ್ಲಿ ಇಡ್ತೀನಿ ಮೇಡಂ, ಮಧ್ಯಾಹ್ನ ಬಿಸಿಲಿಗೆ ಒಳಗೆ ಕಾದುಹೋಗುತ್ತೆ, ಏನೂ ಆಗಲ್ವಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ ಅಣ್ಣ" ಅಂದೆ.

ಆಚೆ ಬಂದ ಮೇಲೆ ಮೇಡಂ ಬಹಳ ಹೇಳಿದರು. ಮಾತು ವೇಗ ಅಂದರು. ಕೆಮ್ಮು ರಾತ್ರಿ ಎಷ್ಟು ಸಲ ಎಬ್ಬಿಸುತ್ತೆ ಅಂತ ಕೇಳಲೇ ಇಲ್ಲ ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದನ್ನು ಹಾಳೆಯಲ್ಲಿ ಬರೆದರು. ಆಮೇಲೆ ಲೈಬ್ರರಿಗೆ ಹೋಗಿ ಓದಿ, ಇನ್ಹೇಲರ್ ಡಬ್ಬದ ಮೇಲಿನದ್ದನ್ನೂ ನೋಡಿ, 4 ಗಂಟೆಗೆ ವಾಪಸ್ ಹೋದೆ. ಒತ್ತಡ ತುಂಬಿದ ಡಬ್ಬಿ, ಹೆಚ್ಚು ಕಾದರೆ ಸಿಡಿಯಬಹುದು, ಬಿಸಿಲಿನ ಗಾಡಿಯಲ್ಲಿ ಇಡಬೇಡಿ, ಶರ್ಟಿನ ಜೇಬಿನಲ್ಲಿ ಇಟ್ಟುಕೊಳ್ಳಿ ಅಂತ ಹೇಳಿದೆ. ಅವರು ಖಾಕಿ ಶರ್ಟಿನ ಜೇಬಿನಿಂದ ಚಿಲ್ಲರೆ ತೆಗೆದು ಹೆಂಡತಿಗೆ ಕೊಟ್ಟು, ಇನ್ಹೇಲರ್ ಅಲ್ಲಿ ಇಟ್ಟು ಗುಂಡಿ ಹಾಕಿಕೊಂಡರು.

ಧಾರವಾಡದಿಂದ · ಶುಕ್ರವಾರ ರಾತ್ರಿ 9:10

ಮೇಷ್ಟ್ರ, ಆ ಅರ್ಧ ಪುಟದ ಹಾಳಿ ನನಗೂ ಕಳಸ್ರಿ. ಇನ್ಹೇಲರ್ ಸ್ಟೇಷನ್ನಿಗೆ ನಾ ಇನ್ನ ಮ್ಯಾಲೆ ಇದನ್ನೂ ಸೇರಸ್ತೀನಿ: 'ಇದನ್ನ ಎಲ್ಲಿ ಇಡ್ತೀರಿ ಅಂತ ರೋಗಿಗೆ ಕೇಳಿದ್ರೋ ಇಲ್ಲೋ'.